ತಿಂಗಳಿಗೊಂದು ಬೆಳಗ್ಗೆ ನಂದಿಬೆಟ್ಟದ ರಸ್ತೆಯನ್ನು ಸೈಕಲ್ಲಿಗೆ ಬಿಟ್ಟುಕೊಡಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ಸೂರ್ಯೋದಯ ನೋಡಲೆಂದು ಬೆಟ್ಟಕ್ಕೆ ಬರುವ ಎಲ್ಲರಿಗೂ,

ಮಾನ್ಯರೇ,

ನಾನು ಯಲಹಂಕದವಳು. ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ವಯಸ್ಸು 46. ಜೋರು ಮಳೆಯ ದಿನ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನ ಬಿಟ್ಟರೆ, ಎಂಟು ವರ್ಷಗಳಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೈಕಲ್ ತುಳಿದುಕೊಂಡು ನಿಮ್ಮ ಜಿಲ್ಲೆಗೆ ಬರುತ್ತಿದ್ದೇನೆ. ನನ್ನಂಥವರು ನೂರಾರು ಮಂದಿ ಇದ್ದಾರೆ. ಅವರೆಲ್ಲರ ಪರವಾಗಿ ಮಾತಾಡುವ ಅಧಿಕಾರವನ್ನು ಯಾರೂ ನನಗೆ ಕೊಟ್ಟಿಲ್ಲ. ಆದರೆ ಬೆಟ್ಟದ ಬುಡದಲ್ಲಿ ಕಾಫಿ ಕುಡಿಯುತ್ತಾ ನಾವು ಪ್ರತಿ ವಾರ ಆಡಿಕೊಳ್ಳುವ ಮಾತು ಒಂದೇ. ಅದನ್ನು ಯಾರಾದರೊಬ್ಬರು ಬರೆಯಲೇಬೇಕಿತ್ತು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ತಿಂಗಳಲ್ಲಿ ಒಂದು ಭಾನುವಾರ, ಬೆಳಗ್ಗೆ 5.30ರಿಂದ 9ರವರೆಗೆ, ನಂದಿಬೆಟ್ಟದ ಬುಡದಿಂದ ಮೇಲಿನವರೆಗಿನ ಏರುದಾರಿಯಲ್ಲಿ ಖಾಸಗಿ ಮೋಟಾರು ವಾಹನಗಳನ್ನು ನಿಲ್ಲಿಸಿ. ಆ ಮೂರೂವರೆ ಗಂಟೆ ರಸ್ತೆ ಸೈಕಲ್ಲಿನವರಿಗೆ, ನಡೆದು ಹತ್ತುವವರಿಗೆ, ಪ್ರವಾಸಿಗರನ್ನು ಮೇಲಕ್ಕೆ ಕರೆದೊಯ್ಯುವ ಬಸ್ಸುಗಳಿಗೆ ಇರಲಿ. ಇಷ್ಟೇ.

ಬೆಂಗಳೂರಿನ ಸುತ್ತ ಬೇರೆ ರಸ್ತೆಯೇ ಇಲ್ಲವೇ, ಇವರಿಗೆಲ್ಲ ನಂದಿಯೇ ಏಕೆ ಬೇಕು ಎಂದು ನೀವು ಕೇಳಬಹುದು. ಬೆಂಗಳೂರು ಎತ್ತರದಲ್ಲಿದೆ, ಆದರೆ ಊರೊಳಗೆ ದೊಡ್ಡ ಏರು ಎಂಬುದಿಲ್ಲ. ಇರುವ ಏರುಗಳೆಂದರೆ ಫ್ಲೈಓವರ್‌ಗಳು. ಸೈಕಲ್ ಓಟಕ್ಕೆ ದೇಹವನ್ನು ಹದಗೊಳಿಸಬೇಕೆಂದರೆ ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ ಎಲ್ಲೂ ನಿಲ್ಲದೆ, ಒಂದೇ ಹದದಲ್ಲಿ, ಎದೆಬಡಿತ ಒಂದೇ ಮಟ್ಟದಲ್ಲಿರುವಂತೆ ತುಳಿಯಬೇಕು. ಒಂದು ಸಿಗ್ನಲ್ ಅಡ್ಡ ಬಂದರೂ ಅಲ್ಲಿಯವರೆಗೆ ಕಟ್ಟಿದ್ದು ಮುರಿಯುತ್ತದೆ. ನಗರದೊಳಗೆ ಒಂದು ಕಿಲೋಮೀಟರ್ ಬ್ರೇಕ್ ಹಿಡಿಯದೆ ಹೋಗುವುದೇ ಕಷ್ಟ. ನಂದಿಯ ಏರು ಸುಮಾರು ಏಳೂವರೆ ಕಿಲೋಮೀಟರ್, ನಡುವೆ ಒಂದೂ ಸಿಗ್ನಲ್ ಇಲ್ಲ. ಒಟ್ಟು 40 ತಿರುವು. ಶಿಖರದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಹೊಸಬರು ಒಂದು ಗಂಟೆ ತೆಗೆದುಕೊಳ್ಳುತ್ತಾರೆ, ಪಳಗಿದವರು ಅದರ ಅರ್ಧದಲ್ಲಿ ಮುಗಿಸುತ್ತಾರೆ. ಮೊದಲ ತಿರುವುಗಳಲ್ಲಿ ಹುಮ್ಮಸ್ಸಿನಿಂದ ನುಗ್ಗಿದವರನ್ನೆಲ್ಲ ಕೊನೆಯ ಕಡಿದಾದ ಎರಡು ಕಿಲೋಮೀಟರ್ ಪರೀಕ್ಷೆಗೆ ಹಚ್ಚುತ್ತದೆ. ದಕ್ಷಿಣ ಕರ್ನಾಟಕದ ಹವ್ಯಾಸಿ ಸೈಕಲ್ ಸವಾರರಿಗೆ ಇದೇ ಗರಡಿಮನೆ. ನೀಲಗಿರಿಯ ಸೈಕಲ್ ಪ್ರವಾಸಕ್ಕೆ ತಯಾರಾಗುವವರು, ಗೊತ್ತಾದ ಸಮಯದೊಳಗೆ ಮುಗಿಸಬೇಕಾದ 200, 300, 600 ಕಿಲೋಮೀಟರಿನ ದೂರಸವಾರಿಗಳಿಗೆ, ಅಂದರೆ ಬ್ರೆವೆಗಳಿಗೆ, ಹೊರಡುವವರು, ಎಲ್ಲರೂ ಇಲ್ಲೇ ಬೆವರು ಸುರಿಸಿದವರು.

ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಸಲ ನಾನು ಈ ಬೆಟ್ಟ ಹತ್ತಿದ್ದು 38ನೇ ವಯಸ್ಸಿನಲ್ಲಿ, ತಮ್ಮನ ಹಳೇ ಗೇರ್ ಸೈಕಲ್ಲಿನಲ್ಲಿ. ಒಂಬತ್ತು ಕಡೆ ನಿಂತೆ. ಮೂವತ್ತರ ಆಸುಪಾಸಿನ ತಿರುವಿನಲ್ಲಿ ಕಾಲು ಸೋತು, ತಡೆಗೋಡೆಗೆ ಸೈಕಲ್ ಒರಗಿಸಿ ಕೂತಾಗ ಕೆಳಗೆ ಮಂಜು ಹಾಲಿನಂತೆ ತುಂಬಿಕೊಂಡಿತ್ತು. ಮಂಜಿನ ಒಳಗೆಲ್ಲೋ ಒಂದು ದೇವಸ್ಥಾನದ ಗಂಟೆ ಕೇಳಿಸಿತು. ಭೋಗನಂದೀಶ್ವರನದೇ ಇರಬೇಕು ಎಂದುಕೊಂಡೆ. ಅಪ್ಪ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಪೂರ್ತಿಯಾಗಿ ಒಳಗೆ ಹೋದಂತೆ ಅನ್ನಿಸಿತು. ಅವತ್ತಿನಿಂದ ಈ ಬೆಟ್ಟ ನನಗೆ ಬರೀ ಬೆಟ್ಟವಲ್ಲ.

ಈಗ ಭಾನುವಾರ ಬೆಳಗಿನ ಆ ರಸ್ತೆಯ ಪರಿಸ್ಥಿತಿ ನೋಡಿ. ಸೂರ್ಯ ಹುಟ್ಟುವುದನ್ನು ಮೇಲಿನಿಂದ ನೋಡಬೇಕೆಂಬ ಆಸೆ ಸಾವಿರಾರು ಜನಕ್ಕಿದೆ, ಅದು ತಪ್ಪಲ್ಲ. ಆದರೆ ಅಷ್ಟೂ ಜನ ಒಂದೇ ಗಳಿಗೆಗೆ, ಒಂದೇ ರಸ್ತೆಯಲ್ಲಿ, ಒಂದೇ ಆತುರದಲ್ಲಿ ಮೇಲೇರುತ್ತಾರೆ. ಕಾರುಗಳ ಸಾಲು, ಸಾಲಿನ ಪಕ್ಕದಿಂದ ನುಗ್ಗುವ ಬೈಕುಗಳು, ಸೂರ್ಯ ಬಂದುಬಿಟ್ಟಾನೆಂಬ ಗಾಬರಿಯಲ್ಲಿ ಹಾರ್ನು. ಸೈಕಲ್ಲಿನವರು ಏರುವಾಗ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್ ವೇಗದಲ್ಲಿರುತ್ತೇವೆ. ಆ ವೇಗದಲ್ಲಿ, ಆ ಕಡಿದಿನಲ್ಲಿ ಸೈಕಲ್ ನೇರವಾಗಿ ಹೋಗುವುದಿಲ್ಲ, ಒಂದು ಗೇಣು ಆ ಕಡೆ ಈ ಕಡೆ ಓಲಾಡುತ್ತದೆ. ಕಾರಿನ ಕನ್ನಡಿ ಮೊಣಕೈಗೆ ನಾಲ್ಕು ಬೆರಳಿನಷ್ಟು ಹತ್ತಿರ ಹಾದುಹೋದಾಗ ಎದೆ ಧಸಕ್ಕೆನ್ನುತ್ತದೆ. ಎಂಟು ವರ್ಷವಾದರೂ ಅದು ಅಭ್ಯಾಸವಾಗಿಲ್ಲ. ಅಭ್ಯಾಸವಾಗಲೂಬಾರದು.

ಅದಕ್ಕಿಂತ ದೊಡ್ಡ ಭಯ ಇಳಿಜಾರಿನದು. ಅದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಹತೋಟಿಯಲ್ಲಿ ಇಳಿಯುವ ಸವಾರನ ವೇಗ ಗಂಟೆಗೆ 36 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಎದುರಿಗೆ ಏನೋ ಕಂಡು, ಅದು ಮೆದುಳಿಗೆ ಮುಟ್ಟಿ, ಬೆರಳು ಬ್ರೇಕ್ ಒತ್ತುವ ಹೊತ್ತಿಗೆ ಒಂದು ಸೆಕೆಂಡು ಬೇಕು. 10 ಮೀಟರ್ ಅಲ್ಲೇ ಹೋಯಿತು. ಒಣ ರಸ್ತೆಯಲ್ಲಿ ಚಕ್ರ ಜಾರದಂತೆ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೊಂದು 10 ಮೀಟರ್ ಬೇಕು. ಒಟ್ಟು 20. ಮಂಜು ಬಿದ್ದು ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಕಡುತಿರುವಿನಲ್ಲಿ ಮುಂದಿನ 20 ಮೀಟರ್ ಕಾಣುವುದೇ ಇಲ್ಲ, ಬಂಡೆ ಮರೆಯಾಗಿರುತ್ತದೆ. ಎದುರಿನಿಂದ ಬರುವ ಕಾರು ತನ್ನ ಎಡಗಡೆ ಇದ್ದರೆ ಏನೂ ತೊಂದರೆಯಿಲ್ಲ. ಆದರೆ ಮುಂದಿನ ವಾಹನವನ್ನು ಹಿಂದೆ ಹಾಕಲೆಂದು ತಿರುವಿನಲ್ಲೇ ಬಲಕ್ಕೆ ಬಂದರೆ, ಅದು ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುತ್ತದೆ. ಇಬ್ಬರಿಗೂ ಉಳಿಯುವ ಸಮಯ ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ. ಸವಾರ ಎಷ್ಟೇ ನಿಪುಣನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ನವೆಂಬರ್‌ನಲ್ಲಿ, 17ನೇ ತಿರುವಿನಲ್ಲಿ, ಇದೇ ಆಯಿತು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ, ನಿವೃತ್ತ ಹೈಸ್ಕೂಲು ಮೇಷ್ಟ್ರು. ನಮಗೆಲ್ಲ ಇಳಿಜಾರಿನ ಪಾಠ ಹೇಳಿಕೊಟ್ಟವರೇ ಅವರು. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿ, ತಿರುವಿನೊಳಗೆ ಹಿಡಿಯಬೇಡ. ಹೊರಗಡೆಯ ಪೆಡಲ್ ಕೆಳಗಿರಲಿ, ಮೈಭಾರ ಅದರ ಮೇಲಿರಲಿ. ಕಣ್ಣು ಚಕ್ರದ ಮುಂದಲ್ಲ, ತಿರುವು ಮುಗಿಯುವಲ್ಲಿ. ಅಂಥವರು ಅಂದು ತಮ್ಮ ಎಡಗಡೆಯೇ, ನಿಧಾನವಾಗಿಯೇ ಇಳಿಯುತ್ತಿದ್ದರು. ಎದುರಿಗೆ ಕಾರು ಅವರ ದಾರಿಯೊಳಕ್ಕೇ ಬಂತು. ಅವರು ಬಂಡೆಯತ್ತ ಹೊರಳಿದರು. ಕಾಲರ್ ಬೋನ್ ಮುರಿಯಿತು, ಪಕ್ಕೆಲುಬು ಎರಡು. ಹೆಲ್ಮೆಟ್ ಸೀಳಿ ಎರಡು ಹೋಳಾಗಿತ್ತು. ತಲೆ ಉಳಿಯಿತು. ಕಾರು ನಿಲ್ಲಲಿಲ್ಲ.

ನಿಂತವರು ದ್ರಾಕ್ಷಿ ತೋಟದ ರೈತರೊಬ್ಬರು. ಖಾಲಿ ಕ್ರೇಟುಗಳನ್ನು ಇಳಿಸಿ ರಸ್ತೆ ಬದಿಗಿಟ್ಟು, ತಮ್ಮ ಟೆಂಪೋದಲ್ಲಿ ಮೇಷ್ಟ್ರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ನಾನು ಹಿಂದೆ ಕೂತು ಮೇಷ್ಟ್ರ ಕೈ ಹಿಡಿದುಕೊಂಡಿದ್ದೆ. ಆ ರೈತರು ಒಮ್ಮೆಯೂ ಪೊಲೀಸು, ಕೇಸು ಎಂದು ಹೆದರಲಿಲ್ಲ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಕಾನೂನು ಕಾಯುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಅದನ್ನೇ ಹೇಳುತ್ತದೆ. ಈ ವಿಷಯ ಬೆಟ್ಟದ ಸುತ್ತಲಿನ ಹಳ್ಳಿಹಳ್ಳಿಗೂ ತಿಳಿಯಬೇಕು. ಅಂದು ಆ ಪುಣ್ಯಾತ್ಮರು ಕ್ರೇಟುಗಳಿಗಾಗಿ ಮರಳಿ ಬಂದಾಗ ಅರ್ಧ ದಿನದ ವ್ಯಾಪಾರ ಹೋಗಿತ್ತು. ನಾವು ಕೊಡಲು ಹೋದ ಹಣವನ್ನು ಅವರು ಮುಟ್ಟಲಿಲ್ಲ.

ಮೇಷ್ಟ್ರು ಏಳು ತಿಂಗಳು ಸೈಕಲ್ ಹತ್ತಲಿಲ್ಲ. ಈಗ ಮತ್ತೆ ಬರುತ್ತಾರೆ, ಬೆಟ್ಟ ಹತ್ತುತ್ತಾರೆ, ಆದರೆ ಇಳಿಯುವುದಿಲ್ಲ. ಮಗ ಕಾರು ತಂದು ಮೇಲಿನಿಂದ ಕರೆದುಕೊಂಡು ಹೋಗುತ್ತಾನೆ. ಕಾರಿನ ಹಿಂದೆ ಕಟ್ಟಿದ ಅವರ ಸೈಕಲ್ಲು ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಓಟದ ಸ್ಪರ್ಧೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕರ್ನಾಟಕದ ಸೈಕಲ್ ಓಟ ಎಂದರೆ ಅದರ ಬೇರು ಇರುವುದು ಬೆಂಗಳೂರಿನಲ್ಲಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆ. ಅಲ್ಲಿಯ ರೈತಾಪಿ ಮನೆಗಳ ಹುಡುಗ ಹುಡುಗಿಯರು ಕ್ರೀಡಾ ವಸತಿ ನಿಲಯಗಳಲ್ಲಿ, ಚಂದರಗಿಯ ಕ್ರೀಡಾ ಶಾಲೆಯಂಥ ಕಡೆ ಪಳಗಿ, ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ಎರಡು ವರ್ಷದ ಹಿಂದೆ ಒಂದು ಟೈಮ್ ಟ್ರಯಲ್‌ಗೆ ಹೋಗಿದ್ದೆ. ಒಬ್ಬೊಬ್ಬರನ್ನೇ ನಿಮಿಷಕ್ಕೊಬ್ಬರಂತೆ ಬಿಡುವ ಓಟ ಅದು. ನನ್ನ ಮುಂದೆ ನಿಂತಿದ್ದವಳು ಬಾಗಲಕೋಟೆ ಕಡೆಯ ಹುಡುಗಿ, ಹದಿನೇಳರವಳಿರಬೇಕು. ಬಿಡುವ ಮುಂಚೆ ಮಾತಾಡಿಸಿದೆ. ನಾನು ನಂದಿಬೆಟ್ಟದ ಹತ್ತಿರದವಳು ಎಂದಾಗ ಅವಳ ಕಣ್ಣು ಅರಳಿದವು. "ನಿಮ್ಮ ಕಡೆ ಗುಡ್ಡ ಐತ್ರಿ ಅಕ್ಕಾರ. ನಮ್ಮ ಕಡೆ ಬರೇ ಗಾಳಿ. ಎದುರುಗಾಳಿನ ನಮಗ ಗುಡ್ಡ," ಎಂದಳು. ಆಮೇಲೆ ಬಾಣದಂತೆ ಹೋದಳು. ನನಗಿಂತ ಒಂಬತ್ತು ನಿಮಿಷ ಮೊದಲು ಮುಗಿಸಿದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಬಯಲಿನಲ್ಲಿ ಎದುರುಗಾಳಿಗೇ ತುಳಿದು ಗಟ್ಟಿಯಾದ ಮಕ್ಕಳು ಅಲ್ಲಿದ್ದಾರೆ. ಗುಡ್ಡ ಇಲ್ಲಿದೆ. ಆದರೆ ಆ ಗುಡ್ಡದ ಮೇಲೆ ಅವರನ್ನು ಕರೆಸಿ ಓಡಿಸೋಣವೆಂದರೆ ಯಾವ ತರಬೇತುದಾರ ಒಪ್ಪಿಯಾನು? ತೆರೆದ ರಸ್ತೆಯಲ್ಲಿ, ಭಾನುವಾರದ ವಾಹನಗಳ ನಡುವೆ ಹದಿನೇಳರ ಮಗುವನ್ನು "ಹೋಗು, ಪೂರ್ತಿ ಶಕ್ತಿ ಹಾಕು" ಎಂದು ಬಿಡುವುದು ಹೇಗೆ? ತಿಂಗಳಿಗೊಂದು ಮುಚ್ಚಿದ ಬೆಳಗ್ಗೆ ಸಿಕ್ಕರೆ, ಅದರಲ್ಲಿ ಮೊದಲ ಮುಕ್ಕಾಲು ಗಂಟೆಯನ್ನು ಇಂಥ ಮಕ್ಕಳ ಏರುಓಟಕ್ಕೆ ಮೀಸಲಿಡಬಹುದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ದೇವನಹಳ್ಳಿಯ ಹಳ್ಳಿ ಹುಡುಗರೂ ಬರುತ್ತಾರೆ. ಕಾರಹಳ್ಳಿ ಕ್ರಾಸಿನ ಹತ್ತಿರ ಗೇರಿಲ್ಲದ ಭಾರದ ಸೈಕಲ್ಲಿನಲ್ಲಿ, ಕಾಲಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು, ನಮ್ಮ ಗುಂಪಿನ ಬೆನ್ನಿಗೆ ಬಿದ್ದು ಎರಡು ಕಿಲೋಮೀಟರ್ ಬಿಡದೆ ಬಂದ ಹುಡುಗನನ್ನು ನಾನೇ ನೋಡಿದ್ದೇನೆ. ಮುಂದಿನವರ ಮರೆಯಲ್ಲಿ ತುಳಿದರೆ ಗಾಳಿಯ ಹೊಡೆತ ತಪ್ಪಿ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ ಎಂಬುದನ್ನು ನಾವು ತಿಂಗಳುಗಟ್ಟಲೆ ಕಲಿತೆವು. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿದ್ದ. ಅಮೆರಿಕವನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಸೈಕಲ್ಲಿನಲ್ಲಿ ದಾಟುವ ಓಟವನ್ನು 2017ರಲ್ಲಿ ಒಬ್ಬರೇ ತುಳಿದು ಪೂರೈಸಿದ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅವರ ಹೆಸರನ್ನು ಆ ಹುಡುಗ ಕೇಳಿರಲಾರ. ಕೇಳುವಂತಾಗಬೇಕು.

ಇದು ಲಕ್ಷದ ಸೈಕಲ್ಲಿನವರ ಶೋಕಿ ಎಂಬ ಮಾತು ನನಗೆ ಗೊತ್ತು. ದುಬಾರಿ ಸೈಕಲ್ಲುಗಳು ನಮ್ಮಲ್ಲಿವೆ, ಸುಳ್ಳೇಕೆ ಹೇಳಲಿ. ಆದರೆ ನಾವು ಅಲ್ಲಿಗೆ ಬರುವ ಹೊತ್ತಿಗೆ ಆ ರಸ್ತೆಗಳಲ್ಲಿ ಆಗಲೇ ಸೈಕಲ್ಲುಗಳಿರುತ್ತವೆ. ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಒಬ್ಬ ಅಜ್ಜ ಪ್ರತಿ ಭಾನುವಾರ ನಂದಿ ಕ್ರಾಸಿನ ಆಚೆ ಸಿಗುತ್ತಾರೆ. "ಬೆಟ್ಟ ಹತ್ತೋಕೆ ಅಷ್ಟ್ ದೂರದಿಂದ ಬರ್ತೀಯೇನಮ್ಮಾ? ಹುಷಾರು ತಾಯಿ, ಈ ಕಾರ್ನೋರು ನೋಡಲ್ಲ," ಎನ್ನುತ್ತಾರೆ. ಅವರ ಸೈಕಲ್ಲಿಗೆ ಹಿಂದೆ ದೀಪವಿರಲಿಲ್ಲ. ಕಳೆದ ಯುಗಾದಿಗೆ ಒಂದು ಮಿಣುಕು ದೀಪ ಕಟ್ಟಿಕೊಟ್ಟೆ. ಪೇಪರ್ ಹಾಕುವ ಹುಡುಗರು, ರೇಷ್ಮೆ ಗೂಡು ಬಿಡಿಸುವ ಕೆಲಸಕ್ಕೆ ಹೊರಟವರು, 2006-07ರಲ್ಲಿ ಸರ್ಕಾರ ಶುರುಮಾಡಿದ ಉಚಿತ ಸೈಕಲ್ ಯೋಜನೆಯಿಂದಲೇ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು, ಎಲ್ಲರೂ ರಸ್ತೆಯ ಅದೇ ಅಂಚಿನಲ್ಲಿ ಜೀವ ಬಿಗಿಹಿಡಿದು ತುಳಿದವರು. ನಮಗೆ ವಾರಕ್ಕೊಂದು ದಿನ ಆಗುವ ಭಯ ಅವರಿಗೆ ದಿನವೂ ಇದೆ. ವಾಹನ ಓಡಿಸುವವರು ತಿಂಗಳಿಗೊಮ್ಮೆ ಆದರೂ "ಈ ರಸ್ತೆ ಸೈಕಲ್ಲಿನದೂ ಹೌದು" ಎಂಬ ಫಲಕವನ್ನು ಕಂಡರೆ ಅದರ ಫಲ ಆ ಅಜ್ಜನಿಗೂ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಹೆಂಗಸರ ಮಾತು ಬೇರೆಯೇ ಇದೆ. ಕತ್ತಲಲ್ಲಿ ಒಂಟಿಯಾಗಿ ಸೈಕಲ್ ತುಳಿಯುವ ಹೆಂಗಸಿನ ಪಕ್ಕಕ್ಕೆ ಬೈಕು ತಂದು ನಿಧಾನ ಮಾಡುವವರು, ಕಿಟಕಿ ಇಳಿಸಿ ಕೂಗುವವರು, ಮೊಬೈಲು ಹಿಡಿದು ಚಿತ್ರ ತೆಗೆಯುವವರು ಇದ್ದಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು, ಒಳ್ಳೆಯ ಓಟಗಾರ್ತಿಯಾಗಬಲ್ಲವಳು, ಎರಡು ಸಲ ನನ್ನ ಜೊತೆ ಬಂದು ಮೂರನೇ ಸಲ ಬರಲಿಲ್ಲ. ಅವಳಮ್ಮ ಫೋನು ಮಾಡಿ, "ಮೇಡಂ, ಬೆಟ್ಟ ಹತ್ತೋದಕ್ಕೆ ನಂದೇನೂ ಅಡ್ಡಿಯಿಲ್ಲ, ಆದ್ರೆ ಆ ರಸ್ತೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ತಾಯಿಗೆ ನಾನು ಏನು ಉತ್ತರ ಕೊಡಲಿ? ಮುಚ್ಚಿದ ರಸ್ತೆಯ ಬೆಳಗ್ಗೆ ಇದ್ದಿದ್ದರೆ, "ಈ ಭಾನುವಾರ ನೀವೂ ಬನ್ನಿ ಅಮ್ಮಾ, ಬುಡದಿಂದ ಮೇಲಕ್ಕೆ ಬಸ್ಸಿದೆ" ಎನ್ನಬಹುದಿತ್ತು.

ನಮ್ಮ ತಪ್ಪುಗಳನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಮೂರು ಮೂರು ಜನ ಅಕ್ಕಪಕ್ಕ ಮಾತಾಡುತ್ತಾ ಇಡೀ ರಸ್ತೆ ತುಂಬುವುದು, ಮಲಗಿರುವ ಊರಿನ ನಡುವೆ ಸ್ಪೀಕರಿನಲ್ಲಿ ಹಾಡು ಹಾಕುವುದು, ಎನರ್ಜಿ ಜೆಲ್ಲಿನ ಕವರು ರಸ್ತೆ ಬದಿಗೆ ಎಸೆಯುವುದು, ಸವಾರರ ಸಮಯ ಅಳೆದು ಪಟ್ಟಿ ಹಾಕುವ ಆ್ಯಪಿನಲ್ಲಿ ಹೆಸರು ಮೇಲೆ ಬರಲೆಂದು ಇಳಿಜಾರಿನಲ್ಲಿ ಹುಚ್ಚುವೇಗದಲ್ಲಿ ನುಗ್ಗುವುದು. ಇವನ್ನೆಲ್ಲ ಕಂಡಿದ್ದೇನೆ, ಕೆಲವನ್ನು ಮಾಡಿದ್ದೇನೆ. ನಮ್ಮ ಗುಂಪು ಈಗ ಇಳಿಜಾರಿನಲ್ಲಿ ಸಮಯ ಅಳೆಯುವುದನ್ನು ಪೂರ್ತಿ ಬಿಟ್ಟಿದೆ. ನೀವು ಕೊಡುವ ಬೆಳಗ್ಗೆಗೆ ನೀವೇ ನಿಯಮ ಹಾಕಿ: ಹೆಲ್ಮೆಟ್ ಇಲ್ಲದವರಿಗೆ ಪ್ರವೇಶವಿಲ್ಲ, ಹಿಂದೆ ಮುಂದೆ ದೀಪ ಕಡ್ಡಾಯ, ಸ್ಪರ್ಧೆ ಏರುವಾಗ ಮಾತ್ರ, ಇಳಿಯುವಾಗ ಹಿಂದೆ ಹಾಕುವಂತಿಲ್ಲ. ಪಾಲಿಸದವರನ್ನು ವಾಪಸ್ ಕಳಿಸಿ. ನಾವು ನಿಮ್ಮ ಪರ ನಿಲ್ಲುತ್ತೇವೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ನಿರ್ದಿಷ್ಟ ರಸ್ತೆಯಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಕೊಡುತ್ತದೆ. ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚಿಲ್ಲದಿದ್ದರೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು ಎಂದು ಅದೇ ಕಲಂ ಹೇಳುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ವಾಹನ ನಿಲ್ಲಿಸುವ ಆದೇಶಗಳನ್ನು ನಾವೆಲ್ಲ ನೋಡಿದ್ದೇವೆ. ಚಿಕ್ಕಮಗಳೂರಿನ ಆಡಳಿತ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ ಮುಂಗಡ ನೋಂದಣಿ ತಂದಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ವಾಹನಗಳಿಲ್ಲ. ಅಲ್ಲಿ ಈಗ ಮಕ್ಕಳು ರಸ್ತೆಯ ನಡುವೆ ಸೈಕಲ್ ಕಲಿಯುತ್ತಾರೆ.

ಹೊರಗಿನ ಉದಾಹರಣೆ ಬೇಕೆಂದರೆ ಇಟಲಿಯ ಸ್ಟೆಲ್ವಿಯೋ ಕಣಿವೆದಾರಿ ಇದೆ. 2,758 ಮೀಟರ್ ಎತ್ತರ, ಒಂದು ಕಡೆಯಿಂದ ಹತ್ತಿದರೆ 48 ಕಡುತಿರುವು, ನಮ್ಮ ನಂದಿಗಿಂತ ಎಂಟು ಹೆಚ್ಚು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಅಲ್ಲಿ ಮೋಟಾರು ವಾಹನ ನಿಲ್ಲಿಸಿ ಸಾವಿರಾರು ಸೈಕಲ್ಲಿನವರನ್ನು ಬಿಡುತ್ತಾರೆ. ಕೊಲಂಬಿಯಾದ ಬೊಗೋಟಾ ನಗರ 1974ರಿಂದಲೂ ಈ ಪದ್ಧತಿ ಇಟ್ಟುಕೊಂಡಿದೆ. ಈಗ ಪ್ರತಿ ಭಾನುವಾರ ಮಧ್ಯಾಹ್ನದವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ಬೀದಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡುತ್ತದೆ. ಜಗತ್ತಿನ ದೊಡ್ಡ ಸೈಕಲ್ ಓಟಗಳನ್ನು ಗೆಲ್ಲುವ ಬೆಟ್ಟದ ಸವಾರರು ಕೊಲಂಬಿಯಾದಿಂದ ಬರುತ್ತಿರುವುದಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ ರಸ್ತೆಯ ಮೇಲೆ ಹೆದರಿಕೆಯಿಲ್ಲದೆ ಸೈಕಲ್ ತುಳಿದು ಬೆಳೆದ ಮಗುವಿಗೂ ಹೆದರುತ್ತಾ ಬೆಳೆದ ಮಗುವಿಗೂ ವ್ಯತ್ಯಾಸವಿದ್ದೇ ಇರುತ್ತದೆ.

ತೊಂದರೆ ಯಾರಿಗೆ ಎಂದು ನಾನೂ ಯೋಚಿಸಿದ್ದೇನೆ. ಆ ದಿನ ಸೂರ್ಯೋದಯಕ್ಕೆ ಬರುವ ಪ್ರವಾಸಿಗರಿಗೆ ಬುಡದಲ್ಲಿ ವಾಹನ ನಿಲ್ಲಿಸಲು ಜಾಗ ಬೇಕು, ಮೇಲಕ್ಕೆ ಬಸ್ಸು ಬೇಕು. ಬಸ್ಸು ಏರುವಾಗ ಎಲ್ಲಿ ನಿಧಾನಿಸಬೇಕು, ಎಲ್ಲಿ ಸೈಕಲ್ಲಿಗೆ ದಾರಿ ಬಿಡಬೇಕು ಎಂಬುದನ್ನು ಚಾಲಕರ ಜೊತೆ ಮೊದಲೇ ಕೂತು ಮಾತಾಡಬೇಕು. ವಯಸ್ಸಾದವರು, ಅಂಗವಿಕಲರು, ಗರ್ಭಿಣಿಯರು ಇರುವ ಕಾರಿಗೆ ವಿನಾಯಿತಿ ಇರಲಿ, ಆಂಬುಲೆನ್ಸಿಗೆ ಹೇಳುವುದೇ ಬೇಡ. ಬೆಟ್ಟದ ಮೇಲೆ ದುಡಿಯುವವರಿಗೆ, ಆ ರಸ್ತೆಯನ್ನೇ ನಂಬಿದ ಸುತ್ತಲಿನ ಹಳ್ಳಿಯವರಿಗೆ ಗುರುತಿನ ಚೀಟಿ ತೋರಿಸಿದರೆ ಬಿಡುವಂತಿರಲಿ. ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆದದ್ದು ರಸ್ತೆ ಬದಿ ಸೀಬೆಹಣ್ಣು, ಕಡಲೆಕಾಯಿ, ಜೋಳ ಮಾರುವವರ ವಿಷಯ. ಅವರಲ್ಲಿ ಮೂವರನ್ನು ಹೋಗಿ ಕೇಳಿದೆ. ಒಬ್ಬರು ಬೇಡವೆಂದರು, ಕಾರಿನವರೇ ಕೊಳ್ಳುವವರು ಎಂದರು. ಇನ್ನೊಬ್ಬರು, "ಕಾರ್ನೋರು ನಿಲ್ಲಿಸ್ದೇನೇ ಹೋಗ್ತಾರಮ್ಮ, ನಡ್ಕೊಂಡ್ ಹೋಗೋರಾದ್ರೆ ನಿಂತ್ ತಗೋತಾರೆ" ಎಂದರು. ಮೂರನೆಯವರು ನಕ್ಕು ಒಂದು ಸೀಬೆಹಣ್ಣು ಹೆಚ್ಚಿ, ಉಪ್ಪುಖಾರ ಹಚ್ಚಿ ಕೈಗಿಟ್ಟರು, ಉತ್ತರ ಹೇಳಲಿಲ್ಲ. ಅವರನ್ನೆಲ್ಲ ಒಮ್ಮೆ ಕರೆದು ಕೇಳಿ. ಅವರಿಗೆ ನಷ್ಟವಾಗುವುದಾದರೆ ನಾವು ಬೇರೆ ಭಾನುವಾರ, ಬೇರೆ ಹೊತ್ತು ಹುಡುಕೋಣ. ಅವರ ಹೊಟ್ಟೆಯ ಮೇಲೆ ಹೊಡೆದು ನಮಗೆ ರಸ್ತೆ ಬೇಡ.

ಇದರ ಜೊತೆಗೆ, ಹಣ ಹೆಚ್ಚು ಬೇಡದ ಕೆಲಸ ಒಂದೆರಡಿವೆ. ಯಾವ ರಸ್ತೆಯಲ್ಲೇ ಆಗಲಿ, ಚರಂಡಿಯ ಮೇಲೆ ಹಾಸುವ ಕಬ್ಬಿಣದ ಜಾಲರಿಯ ಕಂಬಿಗಳು ವಾಹನ ಹೋಗುವ ದಿಕ್ಕಿಗೇ ಇದ್ದರೆ ಎರಡು ಬೆರಳಗಲದ ಸೈಕಲ್ ಟೈರು ಅದರೊಳಗೆ ಸಿಕ್ಕಿ, ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಆ ಜಾಲರಿಯನ್ನು ಅಡ್ಡಡ್ಡ ತಿರುಗಿಸಿ ಕೂರಿಸಿದರೆ ಮುಗಿಯಿತು. ವೇಗ ತಗ್ಗಿಸುವ ಪಟ್ಟಿಗಳನ್ನು ಅಂಚಿನವರೆಗೂ ಎಳೆಯದೆ ಎಡಕ್ಕೆ ಒಂದು ಮೊಳ ಬಿಡಬಹುದು. ತಿರುವುಗಳಲ್ಲಿ ಉದುರಿ ನಿಂತ ಜಲ್ಲಿಪುಡಿಯನ್ನು ಶನಿವಾರ ಸಂಜೆ ಗುಡಿಸಬಹುದು. ಆ ಕೆಲಸಕ್ಕೆ ಪೊರಕೆ ಹಿಡಿದು ನಾವೇ ಬರುತ್ತೇವೆ, ಅನುಮತಿ ಕೊಟ್ಟರೆ ಸಾಕು. ಯಲಹಂಕ-ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಚೆಂದದ ಹಳೇ ನಿಲ್ದಾಣವಿದೆ. ಆ ಭಾನುವಾರ ಬೆಳಗಿನ ಒಂದು ರೈಲಿನಲ್ಲಿ ಸೈಕಲ್ ಏರಿಸಲು ಬಿಟ್ಟರೆ ಎಷ್ಟೋ ಮಂದಿ ಹೆದ್ದಾರಿಗೆ ಬರುವುದೇ ಇಲ್ಲ. ಅದು ನಿಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ಆದರೆ ಜಿಲ್ಲಾಡಳಿತದಿಂದ ಒಂದು ಪತ್ರ ಹೋದರೆ ಅದಕ್ಕೆ ಸಿಗುವ ಬೆಲೆ ನನ್ನ ಪತ್ರಕ್ಕೆ ಸಿಗುವುದಿಲ್ಲ.

ಒಂದೇ ಸಲಕ್ಕೆ ವರ್ಷಪೂರ್ತಿ ಆದೇಶ ಕೊಡಿ ಎಂದು ಕೇಳುತ್ತಿಲ್ಲ. ಮಳೆಗಾಲ ಕಳೆದ ಮೇಲೆ ಮೂರು ತಿಂಗಳು, ಮೂರು ಭಾನುವಾರ, ಪರೀಕ್ಷೆಗೆಂದು ಮಾಡಿ ನೋಡಿ. ಎಷ್ಟು ಜನ ಬಂದರು, ಬುಡದಲ್ಲಿ ಎಷ್ಟು ವಾಹನ ನಿಂತವು, ವ್ಯಾಪಾರ ಏನಾಯಿತು, ಯಾರಿಗೆ ಏನು ತೊಂದರೆಯಾಯಿತು, ಎಲ್ಲವನ್ನೂ ಎಣಿಸಿ ಬರೆದಿಡುವ ಕೆಲಸ ನನಗೆ ಬಿಡಿ. ನನ್ನ ವಿದ್ಯಾರ್ಥಿಗಳಿಗೂ ಪುಸ್ತಕದಾಚೆಯ ಒಂದು ಸಂಖ್ಯಾಶಾಸ್ತ್ರದ ಪಾಠವಾಗುತ್ತದೆ. ಲೆಕ್ಕ ನಮ್ಮ ಕೋರಿಕೆಗೆ ವಿರುದ್ಧವಾಗಿ ಬಂದರೂ ಹಾಗೆಯೇ ತಂದು ನಿಮ್ಮ ಮೇಜಿನ ಮೇಲಿಡುತ್ತೇನೆ.

ತಿರುವಿಗೊಬ್ಬ ಪೊಲೀಸರನ್ನು ನಿಲ್ಲಿಸುವುದು ಕಷ್ಟ ಎಂದು ಬಲ್ಲೆವು. ಅದಕ್ಕೇ ಸ್ವಯಂಸೇವಕರ ಪಟ್ಟಿ ಮಾಡಿಟ್ಟಿದ್ದೇವೆ. ಈವರೆಗೆ 31 ಜನ ಹೆಸರು ಕೊಟ್ಟಿದ್ದಾರೆ, ಇನ್ನೊಂಬತ್ತು ಬೇಕು. ಎಲ್ಲರಿಗೂ ಪ್ರಥಮ ಚಿಕಿತ್ಸೆ ಕಲಿಸುವ ವ್ಯವಸ್ಥೆ ಆಗಿದೆ. ಯಾವ ತಿರುವಿನಲ್ಲಿ ಯಾರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಬರೆದ ಹಾಳೆ ನನ್ನ ಬಳಿ ಇದೆ. ಹೆಸರು ಬರೆಸಿದವರಲ್ಲಿ ಮೊದಲಿಗರು ಮೇಷ್ಟ್ರು. ತಿರುವು ಆರಿಸಿಕೊಳ್ಳಿ ಎಂದಾಗ ಅವರು 17 ಎಂದರು. ಬೆಳಗ್ಗೆ 5.30ರಿಂದ 9ರವರೆಗೆ ಅಲ್ಲೇ, ಬಂಡೆಯ ಪಕ್ಕ, ಬಾವುಟ ಹಿಡಿದು ನಿಲ್ಲುತ್ತಾರಂತೆ. ಒಂಬತ್ತಕ್ಕೆ ರಸ್ತೆ ಬಿಡುವ ಮೊದಲು ತಾನೂ ಒಮ್ಮೆ ಇಳಿಯಬೇಕು ಎಂದಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಯಲಹಂಕದ ಒಬ್ಬ ಸೈಕಲ್ ಸವಾರಿಣಿ